ಪಯಣಿಗನ ಬಿಡುವಿನ ಲೆಕ್ಕ

ಪ್ರಯಾಣಕ್ಕೆ ಅರಬಿ ಭಾಷೆಯಲ್ಲಿ ಸಫರ್ ಎನ್ನುತ್ತಾರೆ. ಉರ್ದು, ದಖ್ಖನಿ ಮಾತಾಡುವ ನಮ್ಮ ಮನೆಗಳಲ್ಲೂ ಇದು ದಿನನಿತ್ಯದ ಪದ. ಈ ಪದದ ಧಾತುವಿಗೆ ಮುಸುಕು ಸರಿಸುವುದು, ಬೆಳಕಿಗೆ ತರುವುದು ಎಂಬ ಅರ್ಥವೂ ಇದೆ. ಮನುಷ್ಯನ ಸ್ವಭಾವದ ಮೇಲಿನ ಮುಸುಕನ್ನು ಸರಿಸಿ ಅವನು ನಿಜವಾಗಿ ಎಂಥವನೆಂದು ತೋರಿಸುವುದರಿಂದಲೇ ಪ್ರಯಾಣಕ್ಕೆ ಈ ಹೆಸರು ಬಂದಿದೆಯೆಂದು ನಮ್ಮ ಹಿಂದಿನ ವಿದ್ವಾಂಸರು ವಿವರಿಸಿದ್ದಾರೆ.

ಹ. ಉಮರ್(ರ)ರ ಮುಂದೆ ಒಬ್ಬರು ಮತ್ತೊಬ್ಬರನ್ನು ಬಹಳವಾಗಿ ಹೊಗಳಿದರು. ಆಗ ಖಲೀಫರು ಮೂರು ಪ್ರಶ್ನೆಗಳನ್ನು ಕೇಳಿದರೆಂದು ವರದಿಯಾಗಿದೆ. ನೀವು ಅವರ ನೆರೆಮನೆಯವರೇ? ಅವರೊಂದಿಗೆ ಹಣದ ವ್ಯವಹಾರ ಮಾಡಿದ್ದೀರಾ? ಅವರ ಜೊತೆ ಪ್ರಯಾಣ ಮಾಡಿದ್ದೀರಾ? ಮೂರಕ್ಕೂ ಇಲ್ಲವೆಂಬ ಉತ್ತರ ಬಂದಾಗ, ಹಾಗಾದರೆ ನಿಮಗೆ ಆ ವ್ಯಕ್ತಿಯ ಪರಿಚಯವೇ ಇಲ್ಲ ಎಂದುಬಿಟ್ಟರು. ಮಸೀದಿಯಲ್ಲಿ ತಲೆಬಾಗಿಸಿ ನಿಂತದ್ದನ್ನು ನೋಡಿದ ಮಾತ್ರಕ್ಕೆ ಒಬ್ಬನನ್ನು ಅರಿತಂತಾಗುವುದಿಲ್ಲ. ದಾರಿಯ ದಣಿವು, ಹಸಿವು, ಕಾಯುವಿಕೆ ಮತ್ತು ಒಂಟಿತನಗಳು ಅವನೊಳಗಿರುವುದನ್ನು ಹೊರಗೆ ತರುತ್ತವೆ.

ಬೇರೆಯವರ ವಿಷಯದಲ್ಲಿ ಇದು ನಿಜವಾದರೆ ನಮ್ಮ ವಿಷಯದಲ್ಲೂ ನಿಜವೇ. ದುಡಿಮೆಗಾಗಿ ಮತ್ತೆ ಮತ್ತೆ ಪರದೇಶಕ್ಕೆ ಹೋಗುವವನಿಗೆ ತನ್ನನ್ನು ತಾನು ಅರಿಯುವ ಅವಕಾಶ ಮತ್ತೆ ಮತ್ತೆ ಸಿಗುತ್ತದೆ. ಅವನು ಅದನ್ನು ಏನು ಮಾಡುತ್ತಾನೆ? ಈ ತಿಂಗಳ ಪಾಠದಲ್ಲಿ ಇದನ್ನೇ ವಿಚಾರ ಮಾಡೋಣ.

ಗುಳೆಯ ನಾಡು

ಸುರಪುರ ಸೀಮೆಯ ಕಕ್ಕೇರಾ, ಕೆಂಭಾವಿ, ಹುಣಸಗಿಯ ಕಡೆಯವರಿಗೆ ಊರು ಬಿಟ್ಟು ದುಡಿಯುವುದು ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಬುತ್ತಿ ಕಟ್ಟಿಕೊಂಡು, ಹಿರಿಯರನ್ನು ಮತ್ತು ಮಕ್ಕಳನ್ನು ಊರಲ್ಲಿ ಬಿಟ್ಟು ಬೆಂಗಳೂರು, ಮುಂಬೈ, ಪುಣೆಗಳ ಕಟ್ಟಡ ಕೆಲಸಕ್ಕೆ ಹೋಗುವುದಕ್ಕೆ ನಮ್ಮಲ್ಲಿ ಗುಳೆ ಎಂಬ ಹೆಸರೇ ಇದೆ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಹರಿದ ಮೇಲೆ ಅನೇಕ ಹೊಲಗಳು ಹಸಿರಾದವು. ಆದರೆ ಕಾಲುವೆಯ ನೀರು ಎಲ್ಲರ ಹೊಲಕ್ಕೂ ಬರಲಿಲ್ಲ. ಹೊಲವೇ ಇಲ್ಲದವರಿಗೆ ನೀರು ಬಂದು ಆಗುವುದಾದರೂ ಏನು? ಗುಳೆ ನಿಲ್ಲಲಿಲ್ಲ.

ಈ ಗುಳೆಗೆ ಕಡಲಾಚೆಯ ದಾರಿಯೂ ಇದೆ. ಹೈದರಾಬಾದಿನಿಂದಲೋ ಮುಂಬೈಯಿಂದಲೋ ವಿಮಾನ ಹತ್ತಿ ಜಿದ್ದಾ, ರಿಯಾಧ್, ದಮ್ಮಾಮ್, ದುಬೈಗಳಿಗೆ ಹೋಗುವವರು ನಮ್ಮ ಜಿಲ್ಲೆಗಳಲ್ಲೂ ಇದ್ದಾರೆ. ಕರಾವಳಿಯ ಭಟ್ಕಳ, ಉಡುಪಿ, ಮಂಗಳೂರಿನ ಮನೆಗಳಿಗಂತೂ ಇದು ತಲೆಮಾರುಗಳ ರೂಢಿ. ಅಲ್ಲಿಗೆ ತಲುಪಿದ ಮೇಲೂ ಕೆಲವರ ಪ್ರಯಾಣ ಮುಗಿಯುವುದಿಲ್ಲ. ಟ್ರೇಲರ್ ಚಾಲಕ ರಿಯಾಧಿನಿಂದ ಸುಮಾರು 400 ಕಿ.ಮೀ. ದೂರದ ದಮ್ಮಾಮಿಗೆ, ಅಲ್ಲಿಂದ 1986ರಲ್ಲಿ ತೆರೆದ 25 ಕಿ.ಮೀ. ಉದ್ದದ ಸಮುದ್ರ ಸೇತುವೆ ದಾಟಿ ಬಹರೈನಿಗೆ, ಮತ್ತೆ ಹಿಂದಕ್ಕೆ ಓಡುತ್ತಿರುತ್ತಾನೆ. ಯಂತ್ರ ರಿಪೇರಿಯವನು ಇಂದು ಒಂದು ಊರಿನಲ್ಲಿದ್ದರೆ ನಾಳೆ ಇನ್ನೊಂದರಲ್ಲಿ. ಬೆಂಗಳೂರಿನ ಕಂಪನಿಯಲ್ಲಿರುವ ಯುವಕ ತಿಂಗಳಿಗೊಂದು ದೇಶದ ಹೋಟೆಲಿನಲ್ಲಿ ಮಲಗೇಳುತ್ತಾನೆ. ಸಂಬಳದಲ್ಲಿ ಇವರ ನಡುವೆ ಅಜಗಜಾಂತರವಿದೆ. ಆದರೆ ಕೆಲಸ ಮುಗಿಸಿ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಇಬ್ಬರ ಮುಂದೆಯೂ ಇರುವುದು ಒಂದೇ ಸಂಜೆ.

ದುಡಿಮೆಯ ಪ್ರಯಾಣಕ್ಕೆ ಗೌರವವಿದೆ

ಹೊಟ್ಟೆಪಾಡಿಗಾಗಿ ಅಲೆಯುವುದನ್ನು ಇಸ್ಲಾಮ್ ಕೀಳಾಗಿ ಕಂಡಿಲ್ಲ. ಅಲ್ಲಾಹನು ಭೂಮಿಯನ್ನು ನಿಮಗೆ ಪಳಗಿಸಿಕೊಟ್ಟಿದ್ದಾನೆ, ಅದರ ಮೇಲೆ ಸಂಚರಿಸಿ ಅವನು ನೀಡಿದ ಅನ್ನಾಧಾರವನ್ನು ಉಣ್ಣಿರಿ ಎಂಬ ಆಶಯ ಸೂರಃ ಮುಲ್ಕ್‌ನಲ್ಲಿದೆ. ಸೂರಃ ಮುಝ್ಝಮ್ಮಿಲ್‌ನ ಕೊನೆಯ ಸೂಕ್ತದಲ್ಲಿ ಅಲ್ಲಾಹನ ಅನುಗ್ರಹವನ್ನು ಅರಸಿ ಸಂಚರಿಸುವವರ ಪ್ರಸ್ತಾಪವು ಅವನ ಮಾರ್ಗದಲ್ಲಿ ಹೋರಾಡುವವರ ಪ್ರಸ್ತಾಪದ ಪಕ್ಕದಲ್ಲೇ ಬಂದಿದೆ. ಮನೆಯವರ ಹೊಟ್ಟೆ ತುಂಬಿಸಲು ಬಿಸಿಲಲ್ಲಿ ಬೇಯುವವನು ತನ್ನ ಸ್ಥಾನ ಎಷ್ಟು ಎತ್ತರದ್ದೆಂದು ತಿಳಿದುಕೊಳ್ಳಬೇಕು.

ಒಬ್ಬ ದಾಸನು ಕಾಯಿಲೆ ಬಿದ್ದಾಗ ಅಥವಾ ಪ್ರಯಾಣದಲ್ಲಿರುವಾಗ, ಆರೋಗ್ಯದಿಂದ ಊರಿನಲ್ಲಿದ್ದಾಗ ಮಾಡುತ್ತಿದ್ದ ಸತ್ಕರ್ಮಗಳ ಪುಣ್ಯವನ್ನು ಅವನಿಗೆ ಬರೆಯಲಾಗುತ್ತದೆಂದು ಬುಖಾರಿಯ ಹದೀಸಿನಲ್ಲಿದೆ. ಎಂಥ ಸಾಂತ್ವನ! ಆದರೆ ಇದರಲ್ಲೊಂದು ಎಚ್ಚರಿಕೆಯೂ ಅಡಗಿದೆ. ಊರಿನಲ್ಲಿದ್ದಾಗ ಏನಾದರೂ ಮಾಡುತ್ತಿದ್ದವನಿಗಲ್ಲವೇ ಅದನ್ನು ಬರೆಯುವುದು?

ಬಿಡುವು ಯಾರ ಸ್ವತ್ತು?

ಪ್ರಯಾಣದ ದುಡಿಮೆಯಲ್ಲಿ ಬಿಡುವೇ ಇಲ್ಲವೆಂದು ಅನೇಕರು ಹೇಳುತ್ತಾರೆ. ಒಂದು ದಿನದ ಲೆಕ್ಕ ಹಾಕಿ ನೋಡಿರಿ. ವಿಮಾನ ನಿಲ್ದಾಣದಲ್ಲಿ ಮೂರು ಗಂಟೆ. ಸರಕು ಇಳಿಯುವ ತನಕ ನಾಲ್ಕು ಗಂಟೆ. ಗಡಿಯ ಸಾಲಿನಲ್ಲಿ ಎರಡು ಗಂಟೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆಯ ತನಕ ಬಯಲಿನ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವಿದೆ. ಸೌದಿಯಲ್ಲಿ ಅದೇ ತಿಂಗಳುಗಳಲ್ಲಿ ಹನ್ನೆರಡರಿಂದ ಮೂರು. ಇದಲ್ಲದೆ ವಾರದ ರಜೆ. ಇವೆಲ್ಲ ಚೂರುಚೂರಾಗಿ ಸಿಗುವುದರಿಂದ ನಮಗೆ ಬಿಡುವೆಂದು ಅನ್ನಿಸುವುದಿಲ್ಲ. ಚಿಲ್ಲರೆ ಹಣದಂತೆ ಕೈಯಿಂದ ಜಾರಿಹೋಗುತ್ತದೆ.

ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಅನೇಕರು ನಷ್ಟಕ್ಕೊಳಗಾಗಿದ್ದಾರೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಇಲ್ಲಿರುವುದು ವ್ಯಾಪಾರಿಯ ಭಾಷೆ. ಬಂಡವಾಳವಿದ್ದೂ ಲಾಭ ಗಳಿಸದೆ ಅಂಗಡಿ ಮುಚ್ಚಿದವನ ಸ್ಥಿತಿ ಅದು. ದುಡಿಮೆಯ ಗಂಟೆಗಳು ಮಾಲೀಕನಿಗೆ ಒಪ್ಪಿಸಿದ ಅಮಾನತ್ತು. ಅದರಲ್ಲಿ ಕಳ್ಳತನ ಸಲ್ಲದು. ಹಾಗೆಯೇ ಬಿಡುವಿನ ಗಂಟೆಗಳು ಅಲ್ಲಾಹನು ನಿಮಗೆ ಒಪ್ಪಿಸಿದ ಅಮಾನತ್ತು. ಅದರಲ್ಲಿ ನಿಮ್ಮ ದೇಹಕ್ಕೆ, ಮನಸ್ಸಿಗೆ, ಮನೆಯವರಿಗೆ ಮತ್ತು ನಿಮ್ಮ ಒಡೆಯನಿಗೆ ಪಾಲಿದೆ.

ಹ. ಸಲ್ಮಾನ್(ರ) ತಮ್ಮ ಸಹೋದರರಾದ ಹ. ಅಬೂದರ್ದಾ(ರ)ರ ಮನೆಗೆ ಹೋದಾಗ ಅವರು ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್‌ನಲ್ಲಿ ಮುಳುಗಿ ಪತ್ನಿಯನ್ನೇ ಮರೆತಿದ್ದುದನ್ನು ಕಂಡರು. ಒಡೆಯನಿಗೆ, ಶರೀರಕ್ಕೆ, ಮನೆಯವರಿಗೆ ಎಲ್ಲರಿಗೂ ನಿಮ್ಮ ಮೇಲೆ ಹಕ್ಕಿದೆ. ಅವರವರ ಹಕ್ಕನ್ನು ಅವರವರಿಗೆ ಸಲ್ಲಿಸಿರೆಂದು ಬುದ್ಧಿ ಹೇಳಿದರು. ಸಲ್ಮಾನ್ ಹೇಳಿದ್ದು ಸತ್ಯವೆಂದು ಪ್ರವಾದಿವರ್ಯರು(ಸ) ಒಪ್ಪಿದರು. ಆರಾಧನೆಯಲ್ಲಿ ಮುಳುಗಿ ಮನೆಯವರ ಹಕ್ಕು ಮರೆಯುವುದೇ ಸರಿಯಲ್ಲವೆಂದ ಮೇಲೆ, ಮೊಬೈಲಿನಲ್ಲಿ ಮುಳುಗಿ ಮರೆಯುವುದಕ್ಕೆ ಏನೆನ್ನೋಣ?

ಸಂತೋಷ ನಿಷಿದ್ಧವಲ್ಲ

ಧಾರ್ಮಿಕ ಮನುಷ್ಯನೆಂದರೆ ಸದಾ ಗಂಟುಮೋರೆಯವನೆಂದು ಭಾವಿಸುವವರಿದ್ದಾರೆ. ಪ್ರವಾದಿವರ್ಯರ(ಸ) ಪ್ರಯಾಣಗಳನ್ನು ಓದಿದವರು ಹಾಗೆ ಹೇಳಲಾರರು. ಒಂದು ಪ್ರಯಾಣದಲ್ಲಿ ಅವರು ಸಂಗಡಿಗರನ್ನು ಮುಂದೆ ಕಳುಹಿಸಿ ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದರು. ಆಯಿಶಾ(ರ) ಗೆದ್ದರು. ಕೆಲವು ಕಾಲದ ನಂತರ ಇನ್ನೊಂದು ಪ್ರಯಾಣದಲ್ಲಿ ಮತ್ತೆ ಓಡಿದಾಗ ಪ್ರವಾದಿವರ್ಯರು(ಸ) ಗೆದ್ದರು. ಅಂದಿನ ಸೋಲಿಗೆ ಇಂದು ಸರಿಹೋಯಿತೆಂದು ನಕ್ಕರು. ಇಡೀ ಸಮುದಾಯದ ಹೊಣೆ ಹೊತ್ತ ಮಹಾನುಭಾವರು ಮರುಭೂಮಿಯ ದಾರಿಯಲ್ಲಿ ಪತ್ನಿಯೊಂದಿಗೆ ಓಡಿ ನಕ್ಕ ದೃಶ್ಯವನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿರಿ.

ಅಂಜಶಾ ಎಂಬ ಒಂಟೆಸವಾರರ ಕಂಠ ಬಹಳ ಇಂಪಾಗಿತ್ತು. ಅವರ ಹಾಡಿಗೆ ಒಂಟೆಗಳು ಹೆಜ್ಜೆ ಬಿರುಸು ಮಾಡುತ್ತಿದ್ದವು. ಪ್ರವಾದಿವರ್ಯರು(ಸ) ಹಾಡನ್ನು ನಿಲ್ಲಿಸಲಿಲ್ಲ. ಒಂಟೆಗಳ ಮೇಲಿದ್ದ ಸ್ತ್ರೀಯರನ್ನು ಗಾಜಿನ ಪಾತ್ರೆಗಳಿಗೆ ಹೋಲಿಸಿ, ನಿಧಾನವಾಗಿ ನಡೆಸೆಂದು ಮಾತ್ರ ಹೇಳಿದರು. ಸಂತೋಷಕ್ಕೆ ಅಡ್ಡಿಯಿಲ್ಲ, ಆದರೆ ಜೊತೆಗಿರುವ ಕೋಮಲವಾದುದು ಒಡೆಯಬಾರದು ಎಂಬ ಪಾಠ ಇದರಲ್ಲಿದೆ.

ತಮ್ಮ ಮನಸ್ಸು ಪ್ರವಾದಿವರ್ಯರ(ಸ) ಸನ್ನಿಧಿಯಲ್ಲಿ ಒಂದು ಬಗೆ, ಮಡದಿ ಮಕ್ಕಳ ನಡುವೆ ಇನ್ನೊಂದು ಬಗೆಯಾಗಿರುತ್ತದೆಂದು ಹ. ಹಂಝಲಾ(ರ) ಗಾಬರಿಯಾಗಿ, ತಾನು ಕಪಟಿಯಾದೆನೆಂದು ಕೊರಗಿದರು. ಅದಕ್ಕೊಂದು ಗಳಿಗೆ, ಇದಕ್ಕೊಂದು ಗಳಿಗೆ ಎಂಬರ್ಥದ ಮಾತಿನಿಂದ ಪ್ರವಾದಿವರ್ಯರು(ಸ) ಅವರನ್ನು ಸಮಾಧಾನಪಡಿಸಿದರು.

ಹಾಗಾದರೆ ಪಯಣಿಗನ ಸಂತೋಷ ಯಾವುದು? ಕೋಣೆಯ ಸಂಗಡಿಗರೊಂದಿಗೆ ರಜೆಯ ದಿನ ಜೋಳದ ರೊಟ್ಟಿ ಬಡಿದು ಶೇಂಗಾ ಚಟ್ನಿಯೊಂದಿಗೆ ಉಣ್ಣುವುದು ಸಂತೋಷ. ಸಂಜೆ ಬಯಲಿನಲ್ಲಿ ವಾಲಿಬಾಲ್ ಆಡುವುದು ಸಂತೋಷ. ಪೂರ್ವ ಸೌದಿಯ ಅಲ್-ಅಹ್ಸಾದಲ್ಲಿ 25 ಲಕ್ಷಕ್ಕೂ ಹೆಚ್ಚು ಖರ್ಜೂರದ ಮರಗಳಿರುವ ಓಯಸಿಸ್ ಇದೆ. 2018ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮರುಭೂಮಿಯ ನಡುವೆ ನೀರನ್ನು ಹಂಚಿಕೊಂಡು ಬದುಕಿದ ಅಲ್ಲಿನ ರೈತರ ಜಾಣ್ಮೆಯನ್ನು ಕಾಲುವೆಯ ನೀರಿಗಾಗಿ ಕಾದ ಸುರಪುರದ ರೈತನ ಮಗನಿಗಿಂತ ಚೆನ್ನಾಗಿ ಯಾರು ಅರಿತಾರು? ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯ ಆರಂಭವನ್ನು ನೋಡಿರೆಂದು ಸೂರಃ ಅನ್ಕಬೂತ್ ಕರೆ ಕೊಡುತ್ತದೆ. ಇಂಥ ನೋಟವೂ ಆರಾಧನೆಯೇ. ಜಿದ್ದಾದಲ್ಲಿರುವವನಿಗೆ ಮಕ್ಕಾ ಸುಮಾರು 80 ಕಿ.ಮೀ. ಊರಿನ ಹಿರಿಯರು ಜೀವಮಾನವೆಲ್ಲ ಹಂಬಲಿಸುವ ಆ ಮನೆಯನ್ನು ರಜೆಯ ಒಂದು ದಿನದಲ್ಲಿ ಕಾಣುವ ಭಾಗ್ಯ ಅವನದು.

ಊರಿನ ಕಣ್ಣು ಇಲ್ಲದಲ್ಲಿ

ಕಕ್ಕೇರಾದಂಥ ಊರಿನಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಿರುತ್ತದೆ. ಹುಡುಗ ಬೀಡಿ ಹಚ್ಚಿದ ಸುದ್ದಿ ಅವನು ಮನೆ ಸೇರುವ ಮೊದಲೇ ಮನೆ ಸೇರಿರುತ್ತದೆ. ಚಾಚಾ, ಮಾಮು, ಮಸೀದಿಯ ಮೌಲಾನಾ, ಪಕ್ಕದ ಮನೆಯ ಗೌಡರು ಎಲ್ಲರ ಕಣ್ಣೂ ಅವನ ಮೇಲಿರುತ್ತದೆ. ಈ ಕಣ್ಣುಗಳ ಅಂಜಿಕೆಯಿಂದ ನಾವು ಎಷ್ಟೋ ಕೆಡುಕಿನಿಂದ ಪಾರಾಗಿದ್ದೇವೆ. ಆದರೆ ನಮ್ಮಲ್ಲಿರುವುದು ಅಲ್ಲಾಹನ ಭಯವೋ ಊರಿನ ಭಯವೋ ಎಂಬುದು ಊರಿನಲ್ಲಿರುವ ತನಕ ನಮಗೇ ತಿಳಿಯುವುದಿಲ್ಲ.

ದೊಡ್ಡ ಪಟ್ಟಣದ ಹೋಟೆಲು ಕೋಣೆಯಲ್ಲಿ ಅದು ತಿಳಿಯುತ್ತದೆ. ಅಲ್ಲಿ ನಿಮ್ಮ ಹೆಸರು ಯಾರಿಗೂ ಗೊತ್ತಿಲ್ಲ. ಫಜ್ರ್‌ಗೆ ಏಳದಿದ್ದರೆ ಕೇಳುವವರಿಲ್ಲ. ಕೈಯಲ್ಲಿರುವ ಪರದೆಯ ಮೇಲೆ ಏನು ನೋಡಿದಿರೆಂದು ನೋಡುವವರಿಲ್ಲ. ಯಾರ ಸಂಗಡ ಎಲ್ಲಿಗೆ ಹೋದಿರೆಂದು ವಿಚಾರಿಸುವವರಿಲ್ಲ. ಮುಸುಕು ಸರಿಯುವ ಕ್ಷಣ ಇದೇ. ಅಲ್ಲಾಹನನ್ನು ನೀವು ಕಾಣುತ್ತಿರುವಂತೆ ಆರಾಧಿಸಿರಿ, ನೀವು ಕಾಣದಿದ್ದರೂ ಅವನು ನಿಮ್ಮನ್ನು ಕಾಣುತ್ತಿದ್ದಾನೆ ಎಂದು ಪ್ರವಾದಿವರ್ಯರು(ಸ) ಇಹ್ಸಾನಿನ ಅರ್ಥ ತಿಳಿಸಿದರು. ಇಹ್ಸಾನಿನ ಪರೀಕ್ಷೆಗೆ ಇಂಥ ಕೋಣೆಗಿಂತ ದೊಡ್ಡ ಕೇಂದ್ರ ಇನ್ನೊಂದಿಲ್ಲ.

ಈ ಒಂಟಿತನಕ್ಕೆ ಹೆದರಬೇಕಾಗಿಲ್ಲ. ಬೇರೆ ನೆರಳಿಲ್ಲದ ದಿನದಂದು ಅಲ್ಲಾಹನ ನೆರಳು ಪಡೆಯುವ ಏಳು ಬಗೆಯವರಲ್ಲಿ, ಏಕಾಂತದಲ್ಲಿ ಅವನನ್ನು ಸ್ಮರಿಸಿ ಕಣ್ಣು ತುಂಬಿಕೊಂಡವನೂ ಒಬ್ಬನೆಂದು ಹದೀಸಿನಲ್ಲಿದೆ. ಹತ್ತು ಮಂದಿಯ ಮನೆಯಲ್ಲಿ ಏಕಾಂತ ಸಿಗುವುದು ಕಷ್ಟ. ಪಯಣಿಗನಿಗೆ ಅದು ಕೇಳದೆಯೇ ಸಿಕ್ಕಿದೆ.

ಇಬ್ನ್ ಬತೂತಾ ಕಳೆದುಕೊಂಡದ್ದು

ಲೋಕಪ್ರಸಿದ್ಧ ಪಯಣಿಗ ಇಬ್ನ್ ಬತೂತಾ 1325ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ, ಮೊರಾಕ್ಕೋದ ತಂಜಾದಿಂದ ಹೊರಟವರು. ದಿಲ್ಲಿಯಲ್ಲಿ ಮುಹಮ್ಮದ್ ಬಿನ್ ತುಘಲಕನ ಕಾಲದಲ್ಲಿ ಖಾಝಿಯಾಗಿದ್ದರು. ಮಾಲ್ದೀವ್ಸ್‌ನಲ್ಲೂ ಖಾಝಿಯಾಗಿ ದುಡಿದರು. ನಮ್ಮ ಕರಾವಳಿಯ ಹೊನ್ನಾವರಕ್ಕೂ ಮಂಗಳೂರಿಗೂ ಬಂದಿದ್ದರು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ಕಂಡೆನೆಂದೂ ಅಲ್ಲಿನ ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿದವರೆಂದೂ ದಾಖಲಿಸಿದ್ದಾರೆ. ಕಣ್ಣು ತೆರೆದು ನೋಡುವ ಪಯಣಿಗ ಬಿಟ್ಟುಹೋಗುವ ಸಂಪತ್ತು ಇಂಥದು. ಅವರು ಬರೆದಿಡದಿದ್ದರೆ ಆ ಪಾಠಶಾಲೆಗಳ ಸುದ್ದಿ ನಮಗೆ ತಲುಪುತ್ತಿತ್ತೇ?

ಆದರೆ ಅದೇ ಪ್ರವಾಸ ಕಥನದಲ್ಲಿ ಇನ್ನೊಂದು ಪುಟವಿದೆ. 1348ರಲ್ಲಿ ಅವರು ದಮಾಸ್ಕಸಿಗೆ ಮರಳಿದಾಗ, ಅಲ್ಲಿದ್ದ ಮಗ ತೀರಿಕೊಂಡು 12 ವರ್ಷಗಳಾಗಿದ್ದವು. ತಂದೆ ತೀರಿಕೊಂಡು 15 ವರ್ಷಗಳಾಗಿವೆಯೆಂದೂ ಅಲ್ಲಿಯೇ ತಿಳಿಯಿತು. ತಾಯಿಯನ್ನಾದರೂ ನೋಡೋಣವೆಂದು ಊರ ಕಡೆ ಹೊರಟರೆ, ಅವರು ತಲುಪುವ ಮೊದಲೇ ತಾಯಿಯೂ ಪ್ಲೇಗಿಗೆ ಬಲಿಯಾಗಿದ್ದರು. ಲೋಕವನ್ನೆಲ್ಲ ಕಂಡ ಆ ಕಣ್ಣುಗಳಿಗೆ ತಂದೆ, ತಾಯಿ, ಮಗನ ಕೊನೆಯ ಮುಖ ಕಾಣಲು ಸಿಗಲಿಲ್ಲ.

ಅಂದು ಸುದ್ದಿ ತಲುಪಲು ವರ್ಷಗಳು ಬೇಕಿದ್ದವು. ಇಂದು ಕ್ಷಣ ಸಾಕು. ಆದರೂ ಮಗನ ತರಗತಿ ಯಾವುದೆಂದು ತಿಳಿಯದ ತಂದೆಯರು ನಮ್ಮಲ್ಲಿಲ್ಲವೇ? ಪ್ರಯಾಣವು ಯಾತನೆಯ ಒಂದು ತುಣುಕು, ಬಂದ ಕೆಲಸ ಮುಗಿದೊಡನೆ ಮನೆಯವರ ಬಳಿಗೆ ಧಾವಿಸಿರೆಂಬ ಆಶಯದ ಹದೀಸನ್ನು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಕಾಣಬಹುದು. ರಣರಂಗಕ್ಕೆ ಹೋದ ಸೈನಿಕನ ಪತ್ನಿಯ ಅಗಲಿಕೆಯ ನೋವನ್ನು ರಾತ್ರಿ ಗಸ್ತಿನಲ್ಲಿ ಕೇಳಿಸಿಕೊಂಡ ಹ. ಉಮರ್(ರ), ಮಗಳು ಹ. ಹಫ್ಸಾ(ರ)ರನ್ನು ವಿಚಾರಿಸಿ, ಸೈನಿಕರು ಮನೆಯಿಂದ ದೂರವಿರುವ ಅವಧಿಗೆ ಮಿತಿ ಹಾಕಿದರು. ನಾಲ್ಕು ತಿಂಗಳೆಂದು ಕೆಲವು ವರದಿಗಳು, ಆರು ತಿಂಗಳೆಂದು ಇನ್ನು ಕೆಲವು. ನಮ್ಮ ಸಹೋದರರಿಗೆ ಎರಡು ವರ್ಷಕ್ಕೊಮ್ಮೆ ರಜೆ ಸಿಗುವುದು ಅವರ ಕೈಯಲ್ಲಿಲ್ಲದ ಮಾತು, ನಿಜ. ಆದರೆ ಸಾಲ ತೀರಿದ ಮೇಲೂ, ಮನೆ ಕಟ್ಟಿದ ಮೇಲೂ, ನೆರೆಯವನ ಮಹಡಿಗಿಂತ ನಮ್ಮದು ಎತ್ತರವಾಗಲೆಂದು ಇನ್ನೆರಡು ವರ್ಷ ಮುಂದುವರಿಸುವುದು ಯಾರ ಕೈಯಲ್ಲಿದೆ?

ಪಯಣಿಗನಿಗೆ ಐದು ಕಿವಿಮಾತುಗಳು

1. ಮಲಗುವ ಮುನ್ನ ಲೆಕ್ಕ ನೋಡಿರಿ. ವಿಚಾರಣೆಯ ದಿನ ಬರುವ ಮೊದಲೇ ನಿಮ್ಮನ್ನು ನೀವೇ ವಿಚಾರಿಸಿಕೊಳ್ಳಿರೆಂಬ ಉಪದೇಶ ಹ. ಉಮರ್(ರ)ರದ್ದು. ಪ್ರತಿಯೊಬ್ಬನೂ ತಾನು ನಾಳೆಗಾಗಿ ಏನನ್ನು ಮುಂದೆ ಕಳುಹಿಸಿದ್ದೇನೆಂದು ನೋಡಿಕೊಳ್ಳಲಿ ಎಂಬ ಸೂರಃ ಹಶ್ರ್‌ನ ಆದೇಶದ ಸಾರವೂ ಇದೇ. ಒಂದು ಚಿಕ್ಕ ನೋಟುಪುಸ್ತಕ ಸಾಕು. ಇಂದಿನ ನಮಾಝ್‌ಗಳೆಷ್ಟು, ಯಾರ ಮನಸ್ಸು ನೋಯಿಸಿದೆ, ಯಾರಿಗೆ ನೆರವಾದೆ, ಯಾವ ನೋಟ ನೋಡಬಾರದಿತ್ತು? ನಾಲ್ಕು ಸಾಲು ಬರೆಯಿರಿ. ಊರಿಗೆ ಕಳುಹಿಸಿದ ಹಣದ ಲೆಕ್ಕ ಬರೆಯುವವನಿಗೆ ಪರಲೋಕಕ್ಕೆ ಕಳುಹಿಸಿದ್ದರ ಲೆಕ್ಕ ಬರೆಯುವುದು ಭಾರವೇ?

2. ಗಡಿಯಾರ ನೋಡಿ ಕರೆ ಮಾಡಿರಿ. ಭಾರತದ ಸಮಯ ಸೌದಿಗಿಂತ ಎರಡೂವರೆ ಗಂಟೆ, ದುಬೈಗಿಂತ ಒಂದೂವರೆ ಗಂಟೆ ಮುಂದಿದೆ. ರಿಯಾಧಿನಲ್ಲಿ ರಾತ್ರಿ ಎಂಟಕ್ಕೆ ನೀವು ಕರೆ ಮಾಡಿದರೆ ಕಕ್ಕೇರಾದಲ್ಲಿ ಹತ್ತೂವರೆ. ಮಕ್ಕಳು ನಿದ್ದೆ ಹೋಗಿರುತ್ತಾರೆ. ಬೆಳಗಿನ ಐದಕ್ಕೆ ಕರೆ ಮಾಡಿದರೆ ಊರಲ್ಲಿ ಏಳೂವರೆ. ಮಕ್ಕಳು ಶಾಲೆಗೆ ಸಿದ್ಧರಾಗುತ್ತಿರುತ್ತಾರೆ. ಹಣ ತಲುಪಿತೇ ಎಂದು ಕೇಳುವ ಮುನ್ನ ನಿನ್ನೆ ಯಾವ ಪಾಠ ಓದಿದೆ ಎಂದು ಕೇಳಿರಿ.

3. ಸಂಗಡಿಗರನ್ನು ಆರಿಸಿಕೊಳ್ಳಿರಿ. ಮೂವರು ಪ್ರಯಾಣ ಹೊರಟರೆ ಒಬ್ಬರನ್ನು ನಾಯಕರನ್ನಾಗಿ ಮಾಡಿಕೊಳ್ಳಬೇಕೆಂಬ ನಿರ್ದೇಶವಿದೆ. ಒಂದೇ ಕೋಣೆಯಲ್ಲಿರುವ ನಾಲ್ವರೂ ಇದನ್ನು ಪಾಲಿಸಬಹುದು. ಅಡುಗೆಯ ಸರದಿ, ಜಮಾಅತ್ತಿನ ಸಮಯ, ವಾರಕ್ಕೊಮ್ಮೆ ಕುರ್‌ಆನಿನ ಕೆಲವು ಸೂಕ್ತಗಳ ಕನ್ನಡ ಅನುವಾದದ ಓದು, ಅದರ ಬಳಿಕ ಆಟ, ಊಟ. ನಗುವೂ ಇರುತ್ತದೆ, ನೆನಪೂ ಇರುತ್ತದೆ.

4. ಧರ್ಮದ ರಿಯಾಯಿತಿಗಳನ್ನು ತಿಳಿದು ಬಳಸಿರಿ. ನಮಾಝನ್ನು ಖಸ್ರ್ ಮಾಡುವುದು, ರಮಝಾನಿನ ಉಪವಾಸವನ್ನು ಮುಂದೂಡುವುದು ಅಲ್ಲಾಹನು ಪಯಣಿಗನಿಗೆ ನೀಡಿದ ಸೌಲಭ್ಯಗಳು. ಆದರೆ ಒಂದೇ ಊರಿನಲ್ಲಿ ವರ್ಷಗಟ್ಟಲೆ ನೆಲೆಸಿ ದುಡಿಯುವವನು ಮತ್ತು ದಿನವೂ ದಾರಿಯಲ್ಲೇ ಇರುವ ಚಾಲಕ, ಇವರಿಬ್ಬರ ವಿಷಯ ಒಂದೇ ಅಲ್ಲ. ನಿಮ್ಮ ಪರಿಸ್ಥಿತಿಯನ್ನು ಬಲ್ಲ ವಿದ್ವಾಂಸರನ್ನು ಕೇಳಿ ತಿಳಿದುಕೊಳ್ಳಿರಿ.

5. ಪ್ರಾರ್ಥನೆಯನ್ನು ಬಿಡಬೇಡಿರಿ. ತಂದೆಯ, ಪ್ರಯಾಣಿಕನ ಮತ್ತು ಮರ್ದಿತನ ಪ್ರಾರ್ಥನೆಗಳು ಸ್ವೀಕೃತವಾಗುವುದರಲ್ಲಿ ಸಂಶಯವಿಲ್ಲವೆಂದು ಹದೀಸಿನಲ್ಲಿದೆ. ಕೂಲಿ ಸಿಗದೆ ಪರದೇಶದಲ್ಲಿ ಸಿಕ್ಕಿಬಿದ್ದ ಒಬ್ಬ ತಂದೆಯನ್ನು ನೆನೆಯಿರಿ. ಈ ಮೂರೂ ಅವನೊಬ್ಬನಲ್ಲೇ ಸೇರಿವೆ. ಅವನು ಕೈಯೆತ್ತಿದರೆ ಅರ್ಶ್‌ನ ಬಾಗಿಲು ತೆರೆಯದೇ?

ಮನೆಯವರ ಪಾಲು

ಸಹೋದರಿಯರೇ, ಹಿರಿಯರೇ, ಈ ಪಾಠ ನಿಮಗೂ ಸೇರಿದ್ದು. ದೂರದಲ್ಲಿರುವವನ ಕರೆ ಬಂದಾಗಲೆಲ್ಲ ಖರ್ಚಿನ ಪಟ್ಟಿಯನ್ನೇ ಓದಿದರೆ ತಾನೊಂದು ಹಣದ ಚೀಲವೆಂಬ ಭಾವನೆ ಅವನಲ್ಲಿ ಬೇರೂರುತ್ತದೆ. ಆಗ ಅವನು ಸಂತೋಷವನ್ನು ಬೇರೆಡೆ ಹುಡುಕತೊಡಗಿದರೆ ತಪ್ಪಿನಲ್ಲಿ ನಮ್ಮ ಪಾಲೂ ಇರುತ್ತದೆ. ಊಟ ಮಾಡಿದೆಯಾ, ನಿದ್ದೆ ಬಂತಾ, ಮೈ ಹುಷಾರಿದೆಯಾ ಎಂದು ಮೊದಲು ಕೇಳಿರಿ. ಮಗುವಿನ ಹೊಸ ಮಾತು, ಹೊಲದ ಬೆಳೆ, ಓಣಿಯ ಮದುವೆಯ ಸುದ್ದಿ ತಿಳಿಸಿರಿ. ಅವನು ಊರಿನವನಾಗಿಯೇ ಉಳಿಯಲಿ. ಕರೆಗಾಗಿ ಕಾದು ಕುಳಿತ ಮಕ್ಕಳ ಮುಂದೆ ತಂದೆಯನ್ನು ದೂರಬೇಡಿರಿ.

ಪ್ರವಾದಿವರ್ಯರು(ಸ) ಕಲಿಸಿದ ಪ್ರಯಾಣದ ಪ್ರಾರ್ಥನೆಯಲ್ಲಿ ಅಲ್ಲಾಹನನ್ನು ದಾರಿಯಲ್ಲಿ ಸಂಗಾತಿಯೆಂದೂ ಹಿಂದೆ ಉಳಿದ ಮನೆಯವರಿಗೆ ಪಾಲಕನೆಂದೂ ಸಂಬೋಧಿಸಲಾಗಿದೆ. ಒಬ್ಬನೇ ಒಡೆಯನು ಎರಡು ಕಡೆಯೂ ಇದ್ದಾನೆ. ದಮ್ಮಾಮಿನ ಕೋಣೆಯಲ್ಲಿ ಸಜ್ದಾ ಮಾಡುವವನೂ ಕಕ್ಕೇರಾದ ಮನೆಯಲ್ಲಿ ಸಜ್ದಾ ಮಾಡುವವಳೂ ಒಂದೇ ಬಾಗಿಲನ್ನು ತಟ್ಟುತ್ತಿದ್ದಾರೆ. ಹೀಗಿರುವಾಗ ಅವರ ನಡುವಿನ ಅಂತರ ನಾವು ಎಣಿಸುವಷ್ಟು ದೊಡ್ಡದಲ್ಲ.

ಈ ಲೋಕದಲ್ಲಿ ಪರದೇಶಿಯಂತೆ ಅಥವಾ ದಾರಿಹೋಕನಂತೆ ಬಾಳೆಂದು ಪ್ರವಾದಿವರ್ಯರು(ಸ) ಹ. ಇಬ್ನ್ ಉಮರ್(ರ)ರಿಗೆ ಉಪದೇಶಿಸಿದರು. ಊರಲ್ಲಿ ಕುಳಿತವರು ಈ ಮಾತನ್ನು ಕಲ್ಪಿಸಿಕೊಂಡು ಅರಿಯಬೇಕು. ಪಯಣಿಗನಿಗೆ ಅದು ಕೈಯಲ್ಲಿರುವ ಪಾಸ್‌ಪೋರ್ಟಿನಷ್ಟು ನಿಜ. ಎಲ್ಲೇ ಇಳಿದರೂ ವೀಸಾಕ್ಕೆ ಒಂದು ಕೊನೆಯ ದಿನವಿರುತ್ತದೆಂದು ಅವನು ಬಲ್ಲ. ಅಲ್ಲಾಹನು ನಮ್ಮ ಪಯಣಿಗರನ್ನು ಕ್ಷೇಮವಾಗಿ ಮನೆಗೆ ಮರಳಿಸಲಿ, ಅವರ ಬಿಡುವಿನಲ್ಲೂ ದುಡಿಮೆಯಲ್ಲೂ ಬರಕತ್ತು ನೀಡಲಿ, ನಮ್ಮೆಲ್ಲರ ಕೊನೆಯ ಪ್ರಯಾಣವನ್ನು ಸುಗಮಗೊಳಿಸಲಿ. ಆಮೀನ್.

ಮನೆಯಲ್ಲಿ ಕೂಡಿ ಚರ್ಚಿಸಲು

1. ನಮ್ಮನ್ನು ಕೆಡುಕಿನಿಂದ ತಡೆಯುತ್ತಿರುವುದು ಅಲ್ಲಾಹನ ಭಯವೋ ಜನರ ಭಯವೋ? ಹೇಗೆ ಪರೀಕ್ಷಿಸಿಕೊಳ್ಳಬಹುದು?

2. ಪರದೇಶದ ದುಡಿಮೆ ಯಾವ ಅಗತ್ಯಕ್ಕಾಗಿ ಆರಂಭವಾಯಿತು? ಆ ಅಗತ್ಯ ಪೂರೈಸಿದೆಯೇ? ಮರಳುವ ದಿನವನ್ನು ಮನೆಯವರು ಕೂಡಿ ನಿಶ್ಚಯಿಸಿದ್ದೇವೆಯೇ?

3. ಕಳೆದ ವಾರದ ಕರೆಗಳಲ್ಲಿ ಹಣದ ಮಾತು ಎಷ್ಟು, ಮನಸ್ಸಿನ ಮಾತು ಎಷ್ಟು?